ಸಂಚಾರಿ ಅಂಗಡಿಗೂ ಸಣ್ಣ ಕ್ಯಾರವಾನಿಗೂ ಒಂದೇ ಚಪ್ಪರ: ಕೊಳ್ಳುವವರು ಕೇಳಬೇಕಾದ ಪ್ರಶ್ನೆ ಬೇರೆ

2023ರ ಸೆಪ್ಟೆಂಬರ್ 18ರಂದು ರಿಯಾದ್‌ನಲ್ಲಿ ನಡೆದ ವಿಶ್ವ ಪರಂಪರೆ ಸಮಿತಿಯ ಅಧಿವೇಶನದಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೋ ಪಟ್ಟಿಗೆ ಸೇರ್ಪಡೆಯಾದವು. ಅಂದಿನಿಂದ ಹಾಸನ ಜಿಲ್ಲೆಯ ಪ್ರವಾಸೋದ್ಯಮದ ಚರ್ಚೆ ನಡೆದಲ್ಲೆಲ್ಲ ಹೋಟೆಲ್ ಕೊಠಡಿ, ರಸ್ತೆಯ ಅಗಲ, ವಾಹನ ನಿಲುಗಡೆ ಮೊದಲಾದ ದೊಡ್ಡ ವಿಷಯಗಳೇ ಪ್ರಸ್ತಾಪವಾಗುತ್ತಿವೆ. ಆದರೆ ಪ್ರವಾಸಿಗನ ಕೈಯಿಂದ ಮೊದಲ ಹತ್ತು ರೂಪಾಯಿ ಪಡೆಯುವವನು ಹೋಟೆಲಿನ ಮಾಲೀಕನಲ್ಲ. ಎಳನೀರು, ಚಹಾ, ಚುರುಮುರಿ, ಬಳಪದ ಕಲ್ಲಿನ ಗೊಂಬೆ, ಟೋಪಿಗಳನ್ನು ಸಣ್ಣ ಸರಕು ವಾಹನದಲ್ಲಿಟ್ಟುಕೊಂಡು ಮಾರುವ ಸಂಚಾರಿ ವ್ಯಾಪಾರಿಯೇ ಆ ಹಣ ಪಡೆಯುವವನು. ಅವನ ಪಕ್ಕದಲ್ಲಿ ಈಗ ಮತ್ತೊಂದು ವಾಹನವೂ ನಿಲ್ಲತೊಡಗಿದೆ; ವ್ಯಾನಿನಲ್ಲಿಯೇ ಮಲಗುವ ಏರ್ಪಾಡು ಮಾಡಿಕೊಂಡು ಬರುವ ಕುಟುಂಬಗಳ ಸಣ್ಣ ಕ್ಯಾರವಾನ್ ಅದು. ಇಬ್ಬರ ಉದ್ದೇಶ ಬೇರೆ ಬೇರೆಯಾದರೂ ಅಗತ್ಯ ಒಂದೇ. ವಾಹನದ ಪಕ್ಕಕ್ಕೆ ಚಾಚಿಕೊಂಡು ನೆರಳು ಕೊಡುವ, ಒಬ್ಬನೇ ಕಟ್ಟಿ ಬಿಚ್ಚಬಹುದಾದ ಒಂದು ಬಟ್ಟೆಯ ಚಪ್ಪರ ಇಬ್ಬರಿಗೂ ಬೇಕಾಗಿದೆ.

ವಿಷಯ ಚಿಕ್ಕದೆಂದು ತೋರಬಹುದು. ಆದರೆ ಈ ಚಪ್ಪರವನ್ನು ಕೊಳ್ಳುವವರೂ ಅದನ್ನು ತಯಾರಿಸಬಲ್ಲವರೂ ಇದೇ ಭಾಗದಲ್ಲಿರುವುದರಿಂದ ವಾಣಿಜ್ಯ ವಲಯವು ಇದನ್ನು ಗಮನಿಸಬೇಕಾಗಿದೆ.

ತುಮಕೂರಿನಿಂದ ಮಂಗಳೂರಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 73 ತಿಪಟೂರು, ಅರಸೀಕೆರೆ, ಬಾಣಾವರ, ಜಾವಗಲ್, ಹಳೇಬೀಡು, ಬೇಲೂರುಗಳನ್ನು ಹಾದು ಮೂಡಿಗೆರೆಯ ಮೂಲಕ ಚಾರ್ಮಾಡಿ ಘಟ್ಟ ಇಳಿಯುತ್ತದೆ. ಈ ಒಂದೇ ರಸ್ತೆಯಲ್ಲಿ ಎರಡು ಹವಾಮಾನಗಳಿವೆ. ಅರಸೀಕೆರೆ ತೆಂಗಿನ ತೋಟಗಳ ಬಯಲುಸೀಮೆ. ಅಲ್ಲಿ ಬಿಸಿಲು ಮತ್ತು ಗಾಳಿಯೇ ಮುಖ್ಯ ತೊಂದರೆ. ಬೇಲೂರು ಅರೆಮಲೆನಾಡು, ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆಯದೇ ಚಿಂತೆ. ಸೋಮವಾರ ಬಾಣಾವರದಲ್ಲಿಯೂ ಗುರುವಾರ ಬೇಲೂರಿನಲ್ಲಿಯೂ ನಿಲ್ಲುವ ವಾಹನಕ್ಕೆ ಎರಡು ಚಪ್ಪರಗಳನ್ನು ಇಟ್ಟುಕೊಳ್ಳುವುದು ಸಾಧ್ಯವಿಲ್ಲ. ಇದ್ದ ಒಂದೇ ಚಪ್ಪರ ಎರಡಕ್ಕೂ ಒದಗಬೇಕು.

ಪ್ರಸ್ತುತ ಬಹುತೇಕ ವ್ಯಾಪಾರಿಗಳು ಬಳಸುತ್ತಿರುವುದು ನೀಲಿ ಪ್ಲಾಸ್ಟಿಕ್ ತಾಡಪಾಲು, ನಾಲ್ಕು ಗಳ ಮತ್ತು ಸಿಕ್ಕಿದ ಹಗ್ಗ. ಅದನ್ನು ಹೀಗಳೆಯುವಂತಿಲ್ಲ, ಅಗ್ಗ, ಎಲ್ಲಿ ಬೇಕಾದರೂ ಸಿಗುತ್ತದೆ. ಆದರೆ ಅದನ್ನು ಕಟ್ಟುವುದಕ್ಕೆ ಇಬ್ಬರು ಬೇಕು, ಬಿಚ್ಚುವುದಕ್ಕೂ ಇಬ್ಬರು ಬೇಕು. ಏಪ್ರಿಲ್-ಮೇ ತಿಂಗಳ ಸಂಜೆ ಮಳೆಗೆ ಮುನ್ನ ಬೀಸುವ ಬಿರುಗಾಳಿಗೆ ಎರಡು ನಿಮಿಷದ ಮುನ್ಸೂಚನೆಯೂ ಇರುವುದಿಲ್ಲ. ಆಗ ಗಳ ಹಾರಿ ಪಕ್ಕದ ಗ್ರಾಹಕನ ತಲೆಗೆ ತಗುಲಿದರೆ ವ್ಯಾಪಾರಿಯ ಒಂದು ವರ್ಷದ ಗಳಿಕೆ ಆಸ್ಪತ್ರೆಗೆ ಹೋಗುತ್ತದೆ. ಚಪ್ಪರ ಕೊಳ್ಳುವವರು ಅಂಗಡಿಯಲ್ಲಿ ಸಾಮಾನ್ಯವಾಗಿ ಕೇಳುವುದು ‘ಎಷ್ಟು ಹೊತ್ತಿನಲ್ಲಿ ಕಟ್ಟಬಹುದು’ ಎಂದು. ಕೇಳಬೇಕಾದ ಪ್ರಶ್ನೆ ‘ಒಬ್ಬನೇ ಎಷ್ಟು ಹೊತ್ತಿನಲ್ಲಿ ಇಳಿಸಬಹುದು’ ಎಂಬುದು. ಬೆಳಿಗ್ಗೆ ಕಟ್ಟಲು ಹತ್ತು ನಿಮಿಷ ಹಿಡಿದರೆ ಯಾರ ಗಂಟೂ ಹೋಗುವುದಿಲ್ಲ.

ಇದನ್ನು ಅಂಕಿಗಳಲ್ಲಿಯೇ ನೋಡಬಹುದು. ಕಟ್ಟಡಗಳ ಮೇಲೆ ಗಾಳಿಯ ಒತ್ತಡವನ್ನು ಲೆಕ್ಕ ಹಾಕಲು ಭಾರತೀಯ ಮಾನಕ 875ರ 3ನೇ ಭಾಗವು ಸರಳ ಸೂತ್ರವೊಂದನ್ನು ಕೊಡುತ್ತದೆ. ಗಾಳಿಯ ವೇಗವನ್ನು ಸೆಕೆಂಡಿಗೆ ಮೀಟರುಗಳಲ್ಲಿ ತೆಗೆದುಕೊಂಡು, ಅದರ ವರ್ಗವನ್ನು 0.6ರಿಂದ ಗುಣಿಸಿದರೆ ಪ್ರತಿ ಚದರ ಮೀಟರಿನ ಮೇಲಿನ ಒತ್ತಡ ನ್ಯೂಟನ್‌ಗಳಲ್ಲಿ ಸಿಗುತ್ತದೆ. ಎರಡೂವರೆ ಮೀಟರ್ ಉದ್ದ, ಎರಡು ಮೀಟರ್ ಚಾಚಿನ ಚಪ್ಪರದ ವಿಸ್ತೀರ್ಣ 5 ಚದರ ಮೀಟರ್. ಗಂಟೆಗೆ 36 ಕಿ.ಮೀ. ವೇಗದ ಗಾಳಿ, ಅಂದರೆ ಆಷಾಢದಲ್ಲಿ ಬಯಲುಸೀಮೆಯವರು ಗಾಳಿಪಟ ಹಾರಿಸುವ ಗಾಳಿ, ಅದರ ಅಡಿಗೆ ನುಗ್ಗಿದರೆ ಸುಮಾರು 30 ಕೆ.ಜಿ. ತೂಕದಷ್ಟು ಬಲದಿಂದ ಅದನ್ನು ಮೇಲೆತ್ತಬಲ್ಲದು. ವೇಗ ಎರಡು ಪಟ್ಟಾದರೆ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅಂದರೆ 120 ಕೆ.ಜಿ.ಗೂ ಮೇಲೆ. ಬೆಂಗಳೂರು, ಮೈಸೂರುಗಳಲ್ಲಿ ಕಟ್ಟಡಗಳ ವಿನ್ಯಾಸಕ್ಕೆ ಇದೇ ಮಾನಕ ನಿಗದಿಪಡಿಸಿರುವ ಮೂಲವೇಗ ಸೆಕೆಂಡಿಗೆ 33 ಮೀಟರ್. ಆ ವೇಗಕ್ಕೆ ಈ ಚಪ್ಪರದ ಮೇಲೆ ಬೀಳುವ ಬಲ 300 ಕೆ.ಜಿ.ಯನ್ನು ದಾಟುತ್ತದೆ. ಮುಕ್ಕಾಲು ಟನ್ ಹೊರುವ ಸಣ್ಣ ವಾಹನದ ಪಕ್ಕದಲ್ಲಿ ಅಷ್ಟನ್ನು ತಡೆಯುವ ಚಪ್ಪರವನ್ನು ಯಾರೂ ಮಾಡಲಾರರು, ಮಾಡಬೇಕಾಗಿಯೂ ಇಲ್ಲ. ಸಾಧಾರಣ ಗಾಳಿಗೆ ನಿಲ್ಲಬೇಕು, ಬಿರುಗಾಳಿಗೆ ಮಡಚಿಕೊಳ್ಳಬೇಕು. ಒಂದು ನಿಮಿಷದೊಳಗೆ ಮಡಚಲಾಗದ ಚಪ್ಪರವನ್ನು, ಅದು ಎಷ್ಟೇ ಅಂದವಾಗಿರಲಿ, ಈ ರಸ್ತೆಯ ವ್ಯಾಪಾರಿ ಕೊಳ್ಳದಿರುವುದೇ ಮೇಲು.

ಹಾಗಾದರೆ ಸಾಧಾರಣ ಗಾಳಿಯಲ್ಲಿ ಅದನ್ನು ಹಿಡಿದಿಡುವುದು ಯಾವುದು? ಹೊರದೇಶಗಳ ಕ್ಯಾರವಾನ್ ಚಪ್ಪರಗಳು ಬಹುಮಟ್ಟಿಗೆ ಹುಲ್ಲುನೆಲದಲ್ಲಿ ಗೂಟ ಹೊಡೆಯುವುದನ್ನು ನೆಚ್ಚಿಕೊಂಡಿವೆ. ಇಲ್ಲಿ ಅದು ನಡೆಯದು. ಡಾಂಬರಿನಲ್ಲಿ ಗೂಟ ಇಳಿಯುವುದಿಲ್ಲ. ಬೇಸಿಗೆಯಲ್ಲಿ ಅರಸೀಕೆರೆಯ ಮಣ್ಣಿನಲ್ಲೂ ಸುಲಭಕ್ಕೆ ಇಳಿಯುವುದಿಲ್ಲ. ಸ್ಮಾರಕಗಳ ಸುತ್ತ ಇನ್ನೊಂದು ಅಡಚಣೆಯಿದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಪ್ರದೇಶದ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆಗಿನ 200 ಮೀಟರ್ ನಿಯಂತ್ರಿತ ವಲಯ. ಅಲ್ಲಿ ಗುಣಿ ತೋಡಿ ಕಂಬ ನೆಟ್ಟವನು ‘ಇದು ತಾತ್ಕಾಲಿಕ’ ಎಂದು ವಾದಿಸುತ್ತ ಕಚೇರಿ ಅಲೆಯುವುದಕ್ಕಿಂತ ನೆಲವನ್ನು ಮುಟ್ಟದಿರುವುದು ಲೇಸು. ವಾಹನ ನಿಲ್ಲಿಸಲು ಅನುಮತಿಯಿರುವ ಜಾಗದಲ್ಲಿಯೇ ನಿಂತು, ನೆಲಕ್ಕೆ ಏನನ್ನೂ ನೆಡದೆ, ಹೇಳಿದ ಐದು ನಿಮಿಷದಲ್ಲಿ ಜಾಗ ತೆರವು ಮಾಡಬಲ್ಲ ವ್ಯಾಪಾರಿಗೆ ಪರಂಪರೆಯ ತಾಣದ ಸುತ್ತ ಉಳಿಗಾಲವಿದೆ. ತೆರವು ಕಾರ್ಯಾಚರಣೆಗಳಲ್ಲಿ ಮೊದಲು ಪೆಟ್ಟು ತಿನ್ನುವುದು ನೆಟ್ಟ ಕಂಬದ ಅಂಗಡಿಯೇ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯು ಪಟ್ಟಣ ವ್ಯಾಪಾರ ಸಮಿತಿ ಹಾಗೂ ಪ್ರಮಾಣಪತ್ರದ ರಕ್ಷಣೆ ನೀಡಿದೆಯಾದರೂ, ಅದರ ಪ್ರಯೋಜನ ಪಡೆಯಬೇಕಾದರೆ ವ್ಯಾಪಾರಿಯೂ ತನ್ನ ಅಂಗಡಿಯನ್ನು ಎತ್ತಿಡಬಲ್ಲವನಾಗಿರಬೇಕು.

ಗೂಟಕ್ಕೆ ಬದಲು ಭಾರ. 20 ಲೀಟರ್ ನೀರಿನ ಕ್ಯಾನು ಎಂದರೆ 20 ಕೆ.ಜಿ. ಕಂಬವೊಂದಕ್ಕೆ ಎರಡರಂತೆ ನಾಲ್ಕು ಕ್ಯಾನುಗಳು ಮೇಲೆ ಹೇಳಿದ 36 ಕಿ.ಮೀ. ಗಾಳಿಗೆ ಸಾಕಷ್ಟು ಮೀರಿದ ಭಾರ. ಚಹಾ ಮಾರುವವನ ವಾಹನದಲ್ಲಿ ನೀರು ಹೇಗೂ ಇದ್ದೇ ಇರುತ್ತದೆ. ಸಾಗಿಸುವ ಭಾರ ಹೆಚ್ಚಾಗುವುದಿಲ್ಲ. ಆದರೆ ಸಂಜೆಯ ಹೊತ್ತಿಗೆ, ಅಂದರೆ ಬಿರುಗಾಳಿಯ ಹೊತ್ತಿಗೆ, ಕ್ಯಾನು ಬರಿದಾಗಿರುತ್ತದೆಂಬುದನ್ನು ಮರೆಯಬಾರದು. ಮರಳು ಚೀಲ ಈ ವಿಷಯದಲ್ಲಿ ಹೆಚ್ಚು ನಂಬಿಕಸ್ಥ.

ವಾಹನವನ್ನು ಯಾವ ದಿಕ್ಕಿಗೆ ನಿಲ್ಲಿಸಬೇಕೆಂಬುದಕ್ಕೆ ಹಣ ಖರ್ಚಿಲ್ಲ, ಆದರೂ ಇದನ್ನು ಲಕ್ಷಿಸುವವರು ಕಡಿಮೆ. ಮುಂಗಾರಿನ ಗಾಳಿ ಪಶ್ಚಿಮ ಮತ್ತು ನೈರುತ್ಯದಿಂದ ಬರುತ್ತದೆ. ಮಧ್ಯಾಹ್ನದ ನಂತರದ ಬಿಸಿಲೂ ಪಶ್ಚಿಮದಿಂದಲೇ. ಸೂರ್ಯ 45 ಡಿಗ್ರಿಗೆ ಇಳಿದಾಗ ಎರಡು ಮೀಟರ್ ಎತ್ತರದ ಚಪ್ಪರದ ನೆರಳು ಎರಡು ಮೀಟರ್ ದೂರಕ್ಕೆ ಸರಿದಿರುತ್ತದೆ. ಪಶ್ಚಿಮಕ್ಕೆ ತೆರೆದ ಚಪ್ಪರವಾದರೆ ಅದರಡಿಯ ಗ್ರಾಹಕ ಆ ಹೊತ್ತಿಗೆ ಪೂರ್ತಿ ಬಿಸಿಲಿನಲ್ಲಿರುತ್ತಾನೆ. ವಾಹನದ ಬೆನ್ನನ್ನು ಪಶ್ಚಿಮಕ್ಕೆ ಮಾಡಿ ಪೂರ್ವಕ್ಕೆ ತೆರೆದರೆ ಗಾಳಿಗೂ ಬಿಸಿಲಿಗೂ ವಾಹನವೇ ಗೋಡೆಯಾಗುತ್ತದೆ. ಬೇಸಿಗೆಯ ಬಿರುಗಾಳಿಯ ದಿಕ್ಕನ್ನು ಮಾತ್ರ ನೆಚ್ಚುವಂತಿಲ್ಲ. ರಸ್ತೆಯ ಬದಿಯಲ್ಲಿ ನಿಲ್ಲುವುದಾದರೆ ದಿಕ್ಕಿಗಿಂತ ಮೊದಲು ನೋಡಬೇಕಾದದ್ದು ಎಡಮಗ್ಗುಲು. ಇಲ್ಲಿ ವಾಹನಗಳು ಎಡಕ್ಕೆ ಸಾಗುವುದರಿಂದ ಚಪ್ಪರವೂ ಎಡಗಡೆಯೇ ತೆರೆಯಬೇಕು. ಯೂರೋಪಿನ ಬಹುತೇಕ ದೇಶಗಳಲ್ಲಿ ಸಂಚಾರ ಬಲಕ್ಕಿದ್ದು ಕ್ಯಾರವಾನುಗಳ ಬಾಗಿಲೂ ಬಲಗಡೆಯಿರುತ್ತದೆ. ಅಲ್ಲಿನ ಚಿತ್ರ ನೋಡಿ ಅದೇ ಮಗ್ಗುಲಿಗೆ ಕೂರಿಸಿದರೆ ಗ್ರಾಹಕ ಲಾರಿಗಳ ದಾರಿಯಲ್ಲಿ ನಿಲ್ಲಬೇಕಾದೀತು.

ಮಾರುಕಟ್ಟೆಯಲ್ಲಿರುವ ಬಗೆಗಳ ವಿಚಾರ. ಅಲ್ಯೂಮಿನಿಯಂ ಪೆಟ್ಟಿಗೆಯೊಳಗೆ ಸುತ್ತಿಕೊಂಡಿದ್ದು, ಹಿಡಿ ತಿರುಗಿಸಿದಾಗ ಹೊರಬರುವ ಚಪ್ಪರ ಇಟಲಿಯ ಫಿಯಾಮ, ಸ್ವೀಡನ್ನಿನ ಥೂಲೆ ಮೊದಲಾದ ತಯಾರಕರಿಂದ ಜಗತ್ತಿನೆಲ್ಲೆಡೆ ಪರಿಚಿತ. ಒಬ್ಬನೇ ಎರಡು ನಿಮಿಷದಲ್ಲಿ ತೆರೆಯಬಹುದು, ಅಷ್ಟೇ ಬೇಗ ಸುತ್ತಬಹುದು. ಗುಣದಲ್ಲಿ ಇದನ್ನು ಮೀರಿದ್ದಿಲ್ಲ. ಆದರೆ ಮೂರು ಮೀಟರಿನದು 20 ಕೆ.ಜಿ. ಆಸುಪಾಸು ತೂಗುತ್ತದೆ, ಆಮದಿನ ಬೆಲೆ ಸಣ್ಣ ವ್ಯಾಪಾರಿಯ ಕೈಗೆಟುಕದು, ಮೊಣಕೈ ಮುರಿದರೆ ಬಿಡಿಭಾಗಕ್ಕೆ ಅರಸೀಕೆರೆಯಲ್ಲಿ ಯಾರನ್ನು ಕೇಳುವುದು? ಬಾಡಿಗೆಗೆ ಕ್ಯಾರವಾನ್ ಓಡಿಸುವ ಸಂಸ್ಥೆಗಳಿಗೆ ಅದು ಸರಿ. ಗಾಳಿ ತುಂಬಿ ನಿಲ್ಲಿಸುವ ಕೊಳವೆಯ ಚಪ್ಪರಗಳೂ ಬಂದಿವೆ. ಕಂಬವಿಲ್ಲ, ಪಂಪು ಹೊಡೆದರೆ ಎದ್ದು ನಿಲ್ಲುತ್ತದೆ. ಆದರೆ ಹಿಡಿದಿಡಲು ಗೂಟ ಬೇಕೇ ಬೇಕು, ಜಾಲಿಮುಳ್ಳು ಬಿದ್ದ ಬಯಲಿನಲ್ಲಿ ರಬ್ಬರಿನ ಕೊಳವೆಯ ಆಯುಷ್ಯವನ್ನು ಯಾರಾದರೂ ಊಹಿಸಬಹುದು. ಜೀಪುಗಳಿಗೆ ಕಟ್ಟುವ ಬೀಸಣಿಗೆಯಾಕಾರದ ಚಪ್ಪರ ನೋಡಲು ಚೆಂದ, ನೆರಳೂ ಧಾರಾಳ. ಅದರ ಭಾರವೆಲ್ಲ ವಾಹನದ ಒಂದು ಮೂಲೆಯ ಮೇಲೆಯೇ ಬೀಳುವುದರಿಂದ ಹಗುರ ವಾಹನಗಳಿಗೆ ಹೊಂದುವುದಿಲ್ಲ.

ಈ ಭಾಗದ ವ್ಯಾಪಾರಿಗೆ ಹೊಂದುವುದು ಇವಕ್ಕಿಂತ ಸರಳವಾದದ್ದು. ವಾಹನದ ಮೇಲಂಚಿನಲ್ಲಿ ಒಂದು ಅಲ್ಯೂಮಿನಿಯಂ ಹಳಿ; ಬಟ್ಟೆಯ ಅಂಚಿನಲ್ಲಿ ಹಗ್ಗವನ್ನು ಒಳಗಿಟ್ಟು ಹೊಲಿದ ಸುರುಳಿ. ಸುರುಳಿಯನ್ನು ಹಳಿಯೊಳಗೆ ಸರಿಸಿದರೆ ವಾಹನದ ಕಡೆಯ ಅಂಚು ಭದ್ರ, ಮಳೆನೀರು ನಡುವೆ ಸೋರುವುದೂ ಇಲ್ಲ. ಹೊರಗಡೆ ಒಂದು ಅಡ್ಡಕೋಲು, ಎರಡು ಕಾಲು, ಎರಡು ಚಾಚುಕೋಲು. ಬಿಚ್ಚುವಾಗ ಕಾಲುಗಳನ್ನು ಮಡಚಿ ಬಟ್ಟೆಯನ್ನು ಅಡ್ಡಕೋಲಿಗೇ ಸುತ್ತಿ ಹಳಿಯ ಕೆಳಗೆ ಪಟ್ಟಿ ಬಿಗಿದರೆ ಕೆಲಸ ಮುಗಿಯಿತು. ಹಳಿಯಿಂದ ಬಟ್ಟೆಯನ್ನು ತೆಗೆಯುವ ಅಗತ್ಯವೇ ಬೀಳದು. ಸಂಚಾರಿ ಉಪಾಹಾರ ವಾಹನಗಳಲ್ಲಿ ಮೇಲಕ್ಕೆ ತೆರೆದುಕೊಳ್ಳುವ ತಗಡಿನ ಬಾಗಿಲೇ ಅರ್ಧ ಚಪ್ಪರವಾಗಿರುತ್ತದೆ. ಅಂಥಲ್ಲಿ ಹಳಿಯನ್ನು ಆ ಬಾಗಿಲಿನ ಹೊರ ಅಂಚಿಗೆ ಕೂರಿಸಿದರೆ ಒಲೆಯ ಮೇಲೆ ತಗಡು, ಗ್ರಾಹಕನ ಮೇಲೆ ಬಟ್ಟೆ ಎಂಬ ವಿಂಗಡಣೆ ತಾನಾಗಿಯೇ ಆಗುತ್ತದೆ. ಪ್ಲಾಸ್ಟಿಕ್ ಲೇಪದ ಬಟ್ಟೆಯ ಕೆಳಗೆ ಅನಿಲದ ಒಲೆ ಉರಿಸುವವರು ಇಂದಿಗೂ ಇದ್ದಾರೆ. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ.

ತೂಕ ಎಷ್ಟಾದೀತು? 25 ಮಿ.ಮೀ. ವ್ಯಾಸ, 1.6 ಮಿ.ಮೀ. ದಪ್ಪದ ಉಕ್ಕಿನ ಕೊಳವೆ ಮೀಟರಿಗೆ ಸುಮಾರು 920 ಗ್ರಾಂ ತೂಗಿದರೆ, ಅದೇ ಅಳತೆಯ ಅಲ್ಯೂಮಿನಿಯಂ ಸುಮಾರು 320 ಗ್ರಾಂ. ಮೇಲಿನ ಅಳತೆಯ ಚಪ್ಪರಕ್ಕೆ ಬೇಕಾದ ಕೊಳವೆ ಒಟ್ಟು 11 ಮೀಟರಿನಷ್ಟು. ಎಲ್ಲವೂ ಉಕ್ಕಿನದಾದರೆ 10 ಕೆ.ಜಿ., ಎಲ್ಲವೂ ಅಲ್ಯೂಮಿನಿಯಂ ಆದರೆ ಮೂರೂವರೆ. ಕಾಲುಗಳೆರಡನ್ನು ಉಕ್ಕಿನಲ್ಲಿಯೂ ಉಳಿದದ್ದನ್ನು ಅಲ್ಯೂಮಿನಿಯಂನಲ್ಲಿಯೂ ಮಾಡಿದರೆ 6 ಕೆ.ಜಿ. ಚೂರು ಮೇಲೆ. ಕೈಯಿಂದ ಜಾರಿ ಬೀಳುವುದು, ವಾಹನಕ್ಕೆ ತಗುಲುವುದು, ಮರಳು ಚೀಲದ ಎಳೆತ ತಡೆಯುವುದು ಎಲ್ಲವೂ ಕಾಲುಗಳ ಪಾಲಿಗೇ ಬರುವುದರಿಂದ ಈ ಮಿಶ್ರ ಏರ್ಪಾಡೇ ಯುಕ್ತ. ಬಟ್ಟೆ ಸೇರಿಸಿದರೂ ಒಟ್ಟು 9 ಕೆ.ಜಿ. ದಾಟದು; ಒಬ್ಬ ಹೆಂಗಸು ಒಂದು ಕೈಯಲ್ಲಿ ಎತ್ತುವ ತುಂಬಿದ ಕೊಡಕ್ಕಿಂತ ಹಗುರ.

ಬಟ್ಟೆಯ ಆಯ್ಕೆಯಲ್ಲಿಯೇ ಹೆಚ್ಚು ಮೋಸ ನಡೆಯುವುದು. ಹತ್ತಿಯ ಕ್ಯಾನ್ವಾಸಿಗೆ ಭಾರತೀಯ ಮಾನಕ 2089, ಹೆಣೆದ ಪಾಲಿಎಥಿಲೀನ್ ತಾಡಪಾಲಿಗೆ ಮಾನಕ 7903 ಇವೆ. ಸಂತೆಯಲ್ಲಿ ಸಿಗುವ ಹಾಳೆಗಳ ಮೇಲೆ ಈ ಯಾವ ಗುರುತೂ ಇರುವುದಿಲ್ಲ. ಚದರ ಮೀಟರಿಗೆ ಎಷ್ಟು ಗ್ರಾಂ ಎಂಬುದನ್ನೂ ಮಾರುವವನು ಹೇಳುವುದಿಲ್ಲ, ಕೊಳ್ಳುವವನು ಕೇಳುವುದಿಲ್ಲ. ಹತ್ತಿಯ ಕ್ಯಾನ್ವಾಸ್ ತಂಪು, ಕಣ್ಣಿಗೆ ಹಿತ. ಅರಸೀಕೆರೆಯಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ. ಬೇಲೂರಿನ ಮಳೆಗಾಲದಲ್ಲಿ ಒದ್ದೆಯಾದದ್ದನ್ನು ಒಣಗಿಸದೆ ಸುತ್ತಿಟ್ಟರೆ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ತೆಳು ಪ್ಲಾಸ್ಟಿಕ್ ಹಾಳೆ ಬಯಲುಸೀಮೆಯ ಬಿಸಿಲಿಗೆ ಪುಡಿಯಾಗುತ್ತದೆ. ಆದ್ದರಿಂದ ಎರಡೂ ಕಡೆ ದುಡಿಯಬೇಕಾದ ಚಪ್ಪರಕ್ಕೆ ಪಿ.ವಿ.ಸಿ. ಲೇಪನದ ಪಾಲಿಯೆಸ್ಟರ್ ಬಟ್ಟೆ ಸೂಕ್ತವೆಂದು ತೋರುತ್ತದೆ. ಚದರ ಮೀಟರಿಗೆ 550 ಗ್ರಾಂ ಎಂದಿಟ್ಟುಕೊಂಡರೂ 5 ಚದರ ಮೀಟರಿಗೆ ಆಗುವುದು ಎರಡೂಮುಕ್ಕಾಲು ಕೆ.ಜಿ. ಮಾತ್ರ. ಇಳಿಜಾರು ಧಾರಾಳವಾಗಿರಬೇಕು. ಒಂದು ಚದರ ಮೀಟರ್ ಜಾಗದಲ್ಲಿ ಐದು ಸೆಂಟಿಮೀಟರ್ ನೀರು ನಿಂತರೆ 50 ಕೆ.ಜಿ. ಭಾರವಾಯಿತು. ಒಂದು ಕಾಲನ್ನು ಇನ್ನೊಂದಕ್ಕಿಂತ ಗೇಣುದ್ದ ಇಳಿಸಿದರೆ ನೀರು ಒಂದೇ ಮೂಲೆಯಿಂದ ಸುರಿದುಹೋಗುತ್ತದೆ. ಇನ್ನು ಬಣ್ಣ. ನೀಲಿ ಹಾಳೆಯಡಿಯಲ್ಲಿ ಮಾವಿನಹಣ್ಣು ಕೂಡ ಕೊಳೆತಂತೆ ಕಾಣುತ್ತದೆ, ಬಳಪದ ಕಲ್ಲಿನ ಗೊಂಬೆ ಸಿಮೆಂಟಿನದೆಂದು ತೋರುತ್ತದೆ. ಕೆನೆ ಅಥವಾ ತಿಳಿ ಬೂದು ಬಣ್ಣದ ಬಟ್ಟೆ ಸರಕಿನ ನಿಜವಾದ ಬಣ್ಣ ತೋರಿಸುತ್ತದೆ. ಹೊಯ್ಸಳೇಶ್ವರನ ಎದುರಿನ ನೋಟಕ್ಕೂ ಕಣ್ಣುಕಿಸುರಾಗುವುದಿಲ್ಲ.

ವಾಹನಕ್ಕೆ ಹಳಿ ಕೂರಿಸುವಾಗ ಕಾನೂನನ್ನು ಮರೆಯುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿ ಪತ್ರದ ವಿವರಕ್ಕೆ ವ್ಯತ್ಯಾಸವಾಗುವ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯ ನಂತರ ಅನಧಿಕೃತ ಮಾರ್ಪಾಡಿಗೆ ಮಾಲೀಕನಿಗೆ ತಲಾ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸಕ್ಕೂ ಅವಕಾಶವಿದೆ. ಮೈಗೆ ರಂಧ್ರ ಕೊರೆಯದೆ ಮೇಲಿನ ಸಾಮಾನು ಚೌಕಟ್ಟಿಗೆ ಹಿಡಿಕೆಗಳಿಂದ ಬಿಗಿಯುವ, ಮಡಚಿದಾಗ ವಾಹನದ ಅಗಲವನ್ನು ಮೀರದ ಹಳಿಯೇ ಕ್ಷೇಮ. ಹಾಸನದ ಪ್ರಾದೇಶಿಕ ಸಾರಿಗೆ ಕಚೇರಿಯಿಂದ ಈ ಬಗ್ಗೆ ಒಂದು ಲಿಖಿತ ಸ್ಪಷ್ಟೀಕರಣ ಪಡೆಯುವುದು ಬಿಡಿ ವ್ಯಾಪಾರಿಗೆ ಕಷ್ಟ; ವಾಣಿಜ್ಯ ಸಂಸ್ಥೆಗೆ ಒಂದು ಪತ್ರದ ಕೆಲಸ.

ಇಲ್ಲಿಯವರೆಗೆ ಹೇಳಿದ ಯಾವ ವಸ್ತುವೂ ದೂರದಿಂದ ಬರಬೇಕಾದದ್ದಲ್ಲ. ಕೊಳವೆ ಬಗ್ಗಿಸುವ, ಬೆಸುಗೆ ಹಾಕುವ ಕಾರ್ಯಾಗಾರಗಳು, ಲಾರಿಗೆ ತಾಡಪಾಲು ಹೊಲಿಯುವ ದರ್ಜಿಗಳು ಈ ಹೆದ್ದಾರಿಯ ಊರುಗಳಲ್ಲಿಯೇ ಇದ್ದಾರೆ. ಅವರಲ್ಲಿ ಇಲ್ಲದಿರುವುದು ಸಮಾನ ಅಳತೆ. ಒಬ್ಬನು ಒಂದಂಗುಲದ ಕೊಳವೆ, ಮತ್ತೊಬ್ಬನು ಮುಕ್ಕಾಲಂಗುಲದ್ದು. ಒಬ್ಬನ ಕೊಂಡಿ ಇನ್ನೊಬ್ಬನ ಕೋಲಿಗೆ ಕೂರದು. ಹಳಿಯ ಸೀಳು, ಸುರುಳಿಯ ದಪ್ಪ, ಕೊಳವೆಯ ವ್ಯಾಸ, ಬಟ್ಟೆಯ ಉದ್ದಗಲ ಈ ನಾಲ್ಕನ್ನು ತಯಾರಕರು ಕೂಡಿ ಕುಳಿತು ಗೊತ್ತುಪಡಿಸಿಕೊಂಡರೆ ಬಾಣಾವರದಲ್ಲಿ ಮುರಿದ ಕೋಲಿಗೆ ಬೇಲೂರಿನಲ್ಲಿ ಬದಲಿ ಸಿಗುತ್ತದೆ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಸಣ್ಣ ಸರಕು ವಾಹನಗಳ ಗಾತ್ರ ಹೆಚ್ಚುಕಡಿಮೆ ಒಂದೇ ಬಗೆಯದಾಗಿರುವುದರಿಂದ ಈ ಒಪ್ಪಂದ ಅಸಾಧ್ಯವೇನಲ್ಲ.

ನಾರಿನ ಉದ್ದಿಮೆಗೂ ಇದರಲ್ಲಿ ಪಾಲಿದೆ. ಯೂರೋಪಿನ ಕ್ಯಾರವಾನಿಗರು ಚಪ್ಪರದಡಿಗೆ ಹುಲ್ಲು ಸಾಯದಂತೆ ಗಾಳಿಯಾಡುವ ನೆಲಹಾಸನ್ನು ಹಣಕೊಟ್ಟು ಕೊಳ್ಳುತ್ತಾರೆ. ಅವು ಬಹುಪಾಲು ಕೃತಕ ನೂಲಿನವು. ತೆಂಗಿನ ನಾರಿನ ಚಾಪೆ ಅದೇ ಕೆಲಸವನ್ನು ಮೊದಲಿನಿಂದ ಮಾಡುತ್ತ ಬಂದಿದೆ. ಮಳೆನೀರಿಗೆ ಬೇಗ ಕೊಳೆಯದ ನಾರಿನ ಮರಳು ಚೀಲ, ಗಂಟು ಜಾರದ ನಾರಿನ ಹಗ್ಗ ಇವೂ ಅರಸೀಕೆರೆಯಲ್ಲಿಯೇ ಆಗಬಹುದು. ಹಗ್ಗದ ವಿಷಯದಲ್ಲಿ ಮಾತ್ರ ಅಭಿಮಾನ ಅತಿಯಾಗಬಾರದು. ಗಾಳಿಯ ಪೂರ್ತಿ ಎಳೆತ ತಡೆಯುವ ಮುಖ್ಯ ಹಗ್ಗ ಪಾಲಿಯೆಸ್ಟರಿನದೇ ಇರಲಿ. ಕರ್ನಾಟಕ ರಾಜ್ಯ ತೆಂಗಿನ ನಾರು ಅಭಿವೃದ್ಧಿ ನಿಗಮದ ಮುಂದೆ ಕಾಲೊರಸಿನಾಚೆಗಿನ ಇಂಥ ಒಂದು ಬೇಡಿಕೆಯನ್ನು ಇಡಲು ಇದು ಅವಕಾಶ.

ಬಂಡವಾಳದ ಪ್ರಶ್ನೆಗೂ ದಾರಿಯಿದೆ. 2020ರಲ್ಲಿ ಆರಂಭವಾದ ಪಿ.ಎಂ. ಸ್ವನಿಧಿ ಯೋಜನೆಯನ್ನು 2025ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟವು 2030ರ ಮಾರ್ಚ್‌ವರೆಗೆ ವಿಸ್ತರಿಸಿ ಮೊದಲ ಸಾಲದ ಮಿತಿಯನ್ನು 10,000ದಿಂದ 15,000 ರೂಪಾಯಿಗೂ ಎರಡನೆಯದನ್ನು 20,000ದಿಂದ 25,000 ರೂಪಾಯಿಗೂ ಏರಿಸಿದೆ. ಸ್ಥಳೀಯವಾಗಿ ತಯಾರಾದ ಚಪ್ಪರವನ್ನು ಮೊದಲ ಸಾಲದ ಮಿತಿಯೊಳಗೆ ಒದಗಿಸುವುದನ್ನೇ ತಯಾರಕರು ಗುರಿಯಾಗಿಟ್ಟುಕೊಳ್ಳಬಹುದು. ಕೇರಳವು 2021ರಲ್ಲಿ ಕ್ಯಾರವಾನ್ ಪ್ರವಾಸ ನೀತಿಯನ್ನು ಜಾರಿಗೆ ತಂದಾಗ ವಾಹನ ಮತ್ತು ತಂಗುದಾಣಗಳೆರಡನ್ನೂ ಒಟ್ಟಿಗೆ ಯೋಚಿಸಿತು. ಇಲ್ಲಿಯೂ ಬೇಲೂರಿನ ಮಯೂರ ವೇಲಾಪುರಿ, ಹಳೇಬೀಡಿನ ಮಯೂರ ಶಾಂತಲಾ ಹೋಟೆಲುಗಳ ಅಂಗಳದಲ್ಲಿ ನಾಲ್ಕಾರು ಕ್ಯಾರವಾನುಗಳಿಗೆ ನೀರು, ವಿದ್ಯುತ್ತಿನ ಸಂಪರ್ಕದೊಡನೆ ಜಾಗ ಗುರುತಿಸಿದರೆ, ಚಪ್ಪರದ ಎರಡನೆಯ ಗ್ರಾಹಕನೂ ಈ ಊರುಗಳಲ್ಲಿ ಒಂದು ರಾತ್ರಿ ಉಳಿದಾನು.

ಮಾದರಿಯೊಂದನ್ನು ತಯಾರಿಸಿ ಪರೀಕ್ಷಿಸುವುದಾದರೆ ಅದಕ್ಕೆ ಪ್ರಯೋಗಶಾಲೆ ಬೇಕಿಲ್ಲ. ಅರಸೀಕೆರೆಯ ಸಮೀಪದ ಮಾಲೇಕಲ್ಲು ತಿರುಪತಿಯ ಜಾತ್ರೆ ಬರುವುದು ಆಷಾಢದಲ್ಲಿ, ಗಾಳಿ ಬಲವಾಗಿರುವ ತಿಂಗಳಿನಲ್ಲಿ. ಮೂವರು ತಯಾರಕರು ತಲಾ ಎರಡು ಚಪ್ಪರಗಳನ್ನು ಅಲ್ಲಿನ ಆರು ವ್ಯಾಪಾರಿಗಳಿಗೆ ಜಾತ್ರೆಯ ದಿನಗಳ ಮಟ್ಟಿಗೆ ಕೊಟ್ಟು, ಯಾವುದು ಎಷ್ಟು ಸಲ ಇಳಿಯಿತು, ಎಷ್ಟು ಹೊತ್ತಿನಲ್ಲಿ ಇಳಿಯಿತು, ಯಾವ ಕೊಂಡಿ ಮೊದಲು ಬಾಗಿತು ಎಂಬುದನ್ನು ಬರೆದಿಟ್ಟುಕೊಳ್ಳಲಿ. ಬಳಿಕ ಅವೇ ಆರು ಚಪ್ಪರಗಳನ್ನು ಶ್ರಾವಣದ ಮಳೆಗೆ ಬೇಲೂರಿಗೆ ಕಳುಹಿಸಬಹುದು.